ಅವ್ವನ ಗಡ್ಡಿಗೆ ಪೂಲ್

ಸೇತುವೆ ಎನ್ನುವ ಮಾತು ನನಗೆ ಪುಸ್ತಕದಿಂದ ಬಂದದ್ದು. ಮನೆಯಲ್ಲಿ, ಓಣಿಯಲ್ಲಿ, ಬಸ್ಸಿನಲ್ಲಿ ನಾವು ಅದನ್ನು ಪೂಲ್ ಎಂದೇ ಕರೆಯುತ್ತಿದ್ದೆವು. ನಿಜಾಮರ ಕಾಲದಲ್ಲಿ ನಮ್ಮ ನಾಲಿಗೆಗೆ ಹತ್ತಿದ ಉರ್ದು ಮಾತು ಅದು. ಶಾಲೆಯವರು ಎಷ್ಟು ಉಜ್ಜಿದರೂ ಹೋಗಲಿಲ್ಲ, ಯಾಕೆ ಹೋಗಬೇಕು? ನಾನು ಒಂದು ಪೂಲ್ ಕಟ್ಟಿದವಳು. ಜೋಳದ ದಂಟಿನಿಂದ ಕಟ್ಟಿದೆ. ಈ ಮಾತನ್ನು ಎಲ್ಲಿ ಹೇಳಿದರೂ ಎದೆ ಸೆಟೆಸಿಯೇ ಹೇಳುತ್ತೇನೆ. ಕೇಳಿದವರು ನಗುವುದಾದರೆ ನಗಲಿ, ಅವರ ಹಲ್ಲು ಅವರ ಇಷ್ಟ.

ನಾವಿದ್ದದ್ದು ಮಾನ್ವಿಯಲ್ಲಿ. ಅಪ್ಪ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುತ್ತಿದ್ದ, ಅವ್ವ ಭತ್ತದ ನಾಟಿಗೆ, ಕಳೆ ತೆಗೆಯುವುದಕ್ಕೆ ಹೋಗುತ್ತಿದ್ದಳು. ಅವ್ವನ ತವರು ದೇವದುರ್ಗದ ಆಚೆ, ಕೃಷ್ಣೆಯ ಎರಡು ಕವಲುಗಳ ನಡುವೆ ಸಿಕ್ಕಿಕೊಂಡ ಸಣ್ಣ ನಡುಗಡ್ಡೆ. ಅವಳ ಬಾಯಲ್ಲಿ ಅದು ಬರೀ ಗಡ್ಡಿ. ಬೇಸಿಗೆಯಲ್ಲಿ ಸೀರೆ ಮೇಲಕ್ಕೆ ಕಟ್ಟಿ ಮೊಣಕಾಲುದ್ದ ನೀರಿನಲ್ಲಿ ನಡೆದೇ ಹೋಗಬಹುದು. ದಸರೆ ಕಳೆದ ಮೇಲೆ ಹರಿಗೋಲಿನಲ್ಲಿ ಹೋಗಬಹುದು. ಮಳೆಗಾಲದಲ್ಲಿ ಮಾತ್ರ ನದಿ ಕೆಂಪಗೆ ಉಬ್ಬಿ ಬರುತ್ತಿತ್ತು, ಹರಿಗೋಲಿನವರು ಹರಿಗೋಲನ್ನು ದಡದ ಮೇಲೆ ಬೋರಲು ಹಾಕಿ ಮನೆ ಸೇರುತ್ತಿದ್ದರು. ಆಗ ಆ ದಡದವರು ಆ ದಡಕ್ಕೆ, ಈ ದಡದವರು ಈ ದಡಕ್ಕೆ.

ನಾಗರ ಪಂಚಮಿ ಬರುವುದು ಆ ಶ್ರಾವಣದಲ್ಲೇ. ನಮ್ಮ ಕಡೆ ಅದು ಹೆಣ್ಣುಮಕ್ಕಳ ಹಬ್ಬ. ಅಣ್ಣ ತಮ್ಮಂದಿರು ಬಂದು ಕರೆದೊಯ್ಯುತ್ತಾರೆ, ತವರಿನಲ್ಲಿ ಬೆಲ್ಲದ ಉಂಡಿ ಕಟ್ಟುತ್ತಾರೆ, ಜೋಳದ ಅಳ್ಳು ಹುರಿಯುತ್ತಾರೆ, ಮರಕ್ಕೆ ಜೋಕಾಲಿ ಕಟ್ಟುತ್ತಾರೆ. ಮದುವೆಯಾದ ಮೇಲೆ ಒಂದೇ ಒಂದು ಪಂಚಮಿಗೂ ಅವ್ವ ತವರು ಕಂಡವಳಲ್ಲ. ಓಣಿಯ ಸೊಸೆಯರೆಲ್ಲ ಗಂಟು ಕಟ್ಟಿಕೊಂಡು ಬಸ್ಸು ಹತ್ತುವಾಗ ಇವಳು ಬಾಗಿಲಲ್ಲಿ ನಿಂತು, "ಹಬ್ಬ ಇಟ್ಟಾವಗೂ ನದಿ ಇಟ್ಟಾವಗೂ ಮಾತುಕತಿ ಆಗಿಲ್ಲ ನೋಡು" ಎಂದು ನಗುತ್ತಿದ್ದಳು. ನಗು ಬಾಯಿಯಲ್ಲಷ್ಟೇ ಇರುತ್ತಿತ್ತು.

ಅವ್ವನಿಗೆ ಒಂದು ಹಟವಿತ್ತು. ಪಂಚಮಿಯ ದಿನ ನಮ್ಮ ಓಣಿಯ ಹುಣಸೆ ಮರಕ್ಕೂ ಜೋಕಾಲಿ ಕಟ್ಟುತ್ತಿದ್ದರು. ಅವಳು ಎಲ್ಲರನ್ನೂ ತೂಗುತ್ತಿದ್ದಳು, ತಾನು ಮಾತ್ರ ಕೂರುತ್ತಿರಲಿಲ್ಲ. ಯಾರಾದರೂ ಕೈ ಹಿಡಿದು ಎಳೆದರೆ, "ನಮ್ಮ ಗಡ್ಡಿ ಬೇವಿನ ಗಿಡಕ್ಕ ಕಟ್ಟಿದ ಜೋಕಾಲಿ ಬಿಟ್ಟು ಬ್ಯಾರೆ ಯಾವುದೂ ಏರಂಗಿಲ್ಲ ನಾ. ಅದೂ ಪಂಚಮಿ ದಿನಾನೇ" ಎನ್ನುತ್ತಿದ್ದಳು. ಅಪ್ಪ ಕೆಣಕುತ್ತಿದ್ದ: "ಹಂಗಾರ ನೀ ಸಾಯೂತನ ನೆಲದ ಮ್ಯಾಲೇ ಇರತಿ ಬಿಡು." ಮಾತಿಗೆ ಮಾತು ಕೊಡದೆ ಬಿಡುವವಳಲ್ಲ ನಮ್ಮವ್ವ, ಆ ಒಂದು ಮಾತಿಗೆ ಮಾತ್ರ ತಿರುಗಿ ಹೋಗಿ ಇನ್ನೊಬ್ಬರ ಜೋಕಾಲಿ ತೂಗುತ್ತಿದ್ದಳು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಒಂಬತ್ತನೇ ತರಗತಿಯಲ್ಲಿದ್ದೆ. ನಮ್ಮ ವಿಜ್ಞಾನದ ಮಾಸ್ತರು ದಿನಾ ರಾಯಚೂರಿನಿಂದ ಬಸ್ಸಿನಲ್ಲಿ ಬರುವವರು. ಬಸ್ಸಿನಲ್ಲಿ ಓದಿದ ಪೇಪರನ್ನು ಕಂಕುಳಲ್ಲಿ ಇಟ್ಟುಕೊಂಡೇ ತರಗತಿಗೆ ಬರುತ್ತಿದ್ದರು. ಆಷಾಢದ ಒಂದು ದಿನ ಅದನ್ನು ಮೇಜಿನ ಮೇಲೆ ಹರಡಿ ಒಂದು ಚಿತ್ರ ತೋರಿಸಿದರು. ಜಪಾನಿನವರು ಸಮುದ್ರದೊಳಗೆ ಮಣ್ಣು ಸುರಿದು ನಡುಗಡ್ಡೆ ಮಾಡುತ್ತಿದ್ದರಂತೆ. ಅದರ ಮೇಲೆ ವಿಮಾನ ನಿಲ್ದಾಣ. ದಡದಿಂದ ಅಲ್ಲಿಗೆ ಒಂದೇ ಸೇತುವೆ, ಅದಕ್ಕೆ ಎರಡು ಅಂತಸ್ತು: ಮೇಲೆ ಮೋಟಾರು ಹೋಗುವ ರಸ್ತೆ, ಕೆಳಗೆ ರೈಲಿನ ಹಳಿ.

"ರಾಯಚೂರಾಗ ವಿಜ್ಞಾನ ಪ್ರದರ್ಶನ ಅದ. ಈ ಸಲ ನಮ್ಮ ಸಾಲಿಯಿಂದ ಇದರ ಮಾದರಿ ಒಯ್ಯೂನು. ಯಾರು ಮಾಡ್ತೀರಿ?" ಎಂದರು ಮಾಸ್ತರು.

ನಾನು ಕೈ ಎತ್ತಿದೆ. ಸೊಕ್ಕಿನಿಂದಲೇ ಎತ್ತಿದೆ. ಜೋಳದ ದಂಟು ಸುಲಿದು, ಒಳಗಿನ ಬೆಂಡಿಗೆ ಹೊರಗಿನ ಸಿಬಿರು ಚುಚ್ಚಿ ಬಂಡಿ ಮಾಡುವುದು ನಮ್ಮ ಕಡೆಯ ಮಕ್ಕಳಿಗೆಲ್ಲ ಬರುತ್ತದೆ. ಆದರೆ ನನ್ನ ಬೆಂಡಿನ ಬಂಡಿಗೆ ಸಾಟಿಯಿರಲಿಲ್ಲ. ಎತ್ತಿನ ಸಮೇತ ಎಳೆದರೆ ಓಣಿಯ ಈ ತುದಿಯಿಂದ ಆ ತುದಿಗೆ ಬೀಳದೆ ಹೋಗುತ್ತಿತ್ತು. ಇದನ್ನು ಓಣಿಯೇ ಹೇಳುತ್ತಿತ್ತು. ಸರಿ, ನಾನೂ ಹೇಳುತ್ತಿದ್ದೆ.

ಮಾಸ್ತರು ಆ ಹಾಳೆಯನ್ನು ನನ್ನ ಕೈಗೆ ಕೊಟ್ಟರು. ಸಂಜೆ ಒಲೆಯ ಮುಂದೆ ಕೂತು ಅದನ್ನು ಗಟ್ಟಿಯಾಗಿ ಓದತೊಡಗಿದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಮೇಲಿನ ದಪ್ಪಕ್ಷರದಲ್ಲಿ ನಡುಗಡ್ಡೆಗೆ ವಿಮಾನ, ಮೇಲೆ ರಸ್ತೆ, ಕೆಳಗೆ ರೈಲು, ಸೇತುವೆ ಎಂಬ ಮಾತುಗಳಿದ್ದವು. ಅಷ್ಟು ಓದುವುದರೊಳಗೆ ರೊಟ್ಟಿಯ ಸಪ್ಪಳ ನಿಂತಿತು.

"ಸೇತುವಿ ಅಂದ್ರ ಪೂಲ್, ಹೌದಿಲ್ಲೋ?"

"ಹೂಂ ಬೇ."

"ನಡುಗಡ್ಡಿಗೇನು?"

"ಹೂಂ, ನಡುಗಡ್ಡಿಗೇ."

"ಪೇಪರಿನಾಗ ಬಂದದ?"

"ಬಂದದ, ಇಲ್ಲಿ ನೋಡು."

ಅವಳಿಗೆ ಓದು ಬರುತ್ತಿರಲಿಲ್ಲ. ಆದರೂ ಹಾಳೆಯನ್ನು ದಿಟ್ಟಿಸಿ ನೋಡಿದಳು, ಎದ್ದು ಹೊರಗೆ ಹೋದಳು. ಕಟ್ಟಿಗೆ ತರಲು ಹೋಗಿರಬೇಕು ಎಂದುಕೊಂಡು ನಾನು ಹೆಂಚಿನ ಮೇಲೆ ಕರಕಾಗುತ್ತಿದ್ದ ರೊಟ್ಟಿಯನ್ನು ತಿರುವಿ ಹಾಕಿದೆ.

ಮರುದಿನ ಶಾಲೆಯಿಂದ ಬರುವಾಗ ಓಣಿಯ ಬಾಯಲ್ಲೇ ಪಕ್ಕದ ಮನೆಯ ದೊಡ್ಡವ್ವ ನನ್ನನ್ನು ತಡೆದಳು. "ಏನವಾ, ನಿಮ್ಮವ್ವನ ತವರಿಗೆ ರೈಲು ಬರಾಕತ್ತದಂತಲ್ಲ! ಮ್ಯಾಲ ಬಸ್ಸಂತ, ಕೆಳಗ ರೈಲಂತ!" ಇನ್ನೊಬ್ಬಾಕೆ, "ಬರೋ ಪಂಚಮಿಗೆ ಆಕಿನ್ನ ಹಿಡಿಯೋರಿಲ್ಲ ತಗೋ" ಎಂದಳು. ನನಗೆ ಮೊದಲು ಏನೂ ಹೊಳೆಯಲಿಲ್ಲ, ಹೊಳೆದಾಗ ಕಾಲು ಅಲ್ಲೇ ನಿಂತವು. ಲೋಕದಲ್ಲಿ ಎಷ್ಟೋ ನಡುಗಡ್ಡೆಗಳಿರಬಹುದು, ಅವ್ವನಿಗೆ ಗೊತ್ತಿದ್ದ ನಡುಗಡ್ಡೆ ಒಂದೇ. ನಡುಗಡ್ಡೆಗೆ ಪೂಲ್ ಎಂದು ಪೇಪರಿನಲ್ಲಿ ಬಂದರೆ ಅದು ಇನ್ಯಾವುದಕ್ಕೆ?

ನಂಬಿದವಳು ಅವ್ವ ಒಬ್ಬಳೇ ಅಲ್ಲ, ಓಣಿಯೇ ನಂಬಿತ್ತು. ನಂಬಲು ಕಾರಣವೂ ಇತ್ತು. ದೇವಸುಗೂರಿನ ಬಯಲಿನಲ್ಲಿ ನಮ್ಮ ಕಣ್ಣೆದುರೇ ಮೋಡ ಮುಟ್ಟುವ ಚಿಮಣಿಗಳು ಎದ್ದಿದ್ದವು, ಶಕ್ತಿನಗರ ಎಂಬ ಹೊಸ ಊರೇ ಹುಟ್ಟಿತ್ತು. ಕಲ್ಲಿದ್ದಲು ಸುಟ್ಟು ದೀಪ ಹಚ್ಚುತ್ತಾರೆ ಎಂದಾಗ ನಕ್ಕವರ ಮನೆಗಳಲ್ಲೇ ಈಗ ದೀಪ ಉರಿಯುತ್ತಿತ್ತು. ಹಾಗಿರುವಾಗ ಒಂದು ಪೂಲ್ ಏನು ಮಹಾ? ಯಾರೋ ಒಬ್ಬಾಕೆ, "ಇಮಾನ ಯಾಕಬೇ ನಿಮ್ಮ ಗಡ್ಡಿಗೆ?" ಎಂದು ಕೇಳಿದಳಂತೆ. ಅವ್ವ ತಡಮಾಡದೆ, "ನಮ್ಮ ಗಡ್ಡಿ ಸಪಾಟ ಅದ, ಅದಕ್ಕ" ಎಂದಳಂತೆ.

ಮನೆಗೆ ಬಂದೆ. ಅವ್ವ ಡಬ್ಬಿಗಳನ್ನೆಲ್ಲ ಇಳಿಸಿ ಒರೆಸುತ್ತಿದ್ದಳು, ಬರುವ ವರ್ಷದ ಪಂಚಮಿಯ ಉಂಡಿಗೆ ಈಗಲೇ ಡಬ್ಬಿ ಬೇಕಾಗಿತ್ತು ಆ ಮಹರಾಯತಿಗೆ. ಸುತ್ತಿ ಬಳಸಿ ಹೇಳುವುದು ನನಗೆ ಆಗಲೂ ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ.

"ಯವ್ವಾ, ಅದು ನಮ್ಮ ಗಡ್ಡಿ ಅಲ್ಲಬೇ. ಜಪಾನಿನ ಗಡ್ಡಿ."

"ಯಾವ ತಾಲೂಕು ಅದು?"

"ತಾಲೂಕಲ್ಲ, ದೇಶ. ಸಮುದ್ರದ ಆಚೆ. ಇಮಾನದಾಗೇ ಹೋಗಬೇಕು."

ಅವ್ವ ಕೈಯಲ್ಲಿದ್ದ ಡಬ್ಬಿಯನ್ನು ಒರೆಸುತ್ತಲೇ ಇದ್ದಳು. ಒರೆಸಿದ್ದನ್ನೇ ಒರೆಸಿದಳು. ನನಗೆ ಅಳು ಬಂದಿತ್ತು, ಅವಳಿಗೆ ಬರಲಿಲ್ಲ. ಡಬ್ಬಿಯನ್ನು ಕೆಳಗಿಟ್ಟು, "ಹೋಗಲಿ ಬಿಡು. ಜಪಾನದಾಕಿಗೂ ಒಂದು ತವರಮನಿ ಇರತದ. ಆಕಿಗಾರ ಆಗಲಿ" ಎಂದಳು. ಈ ಮಾತನ್ನು ನೆನೆದಾಗಲೆಲ್ಲ ನನಗೆ ನಮ್ಮವ್ವನ ಮೇಲೆ ಹೆಮ್ಮೆ ಉಕ್ಕುತ್ತದೆ. ಕೈಗೆ ಬಂದದ್ದು ಬಾಯಿಗೆ ಬರದೆ ಹೋದ ಗಳಿಗೆಯಲ್ಲಿ ಹಾಗೆ ಹೇಳುವ ಎದೆ ನನಗಂತೂ ಇಲ್ಲ.

ಆಮೇಲೆ ಸಿಟ್ಟೂ ಬಂತು. ಬರದೆ ಇದ್ದರೆ ಅವಳು ನಮ್ಮವ್ವನೇ ಅಲ್ಲ. "ಓಣಿ ತುಂಬ ಡಂಗುರ ಹೊಡದು ಬಂದೀನಿ. ಈಗ ಯಾವ ಮಾರಿ ಹೊತ್ಕೊಂಡು ನೀರಿಗೆ ಹೋಗಲಿ?" ಅಂದಳು. ಕೈಯಲ್ಲಿದ್ದ ಒರೆಸುವ ಬಟ್ಟೆ ಕೊಡವಿ, "ನೀ ಅದನ್ನ ಕಟ್ಟಾಕಿ ಅಲಾ? ಕಟ್ಟು. ಗಡ್ಡಿ ನಾ ಮಾಡತೀನಿ. ಜಪಾನದ್ದು ನನಗೇನ್ ಗೊತ್ತು, ನಂದೇ ಮಾಡತೀನಿ" ಎಂದಳು.

ಕೆಲಸ ಶುರುವಾಯಿತು. ದಂಟನ್ನು ನಾನು ಆರಿಸಿ ತಂದೆ, ಹುಳ ಹೊಡೆಯದ, ಗೆಣ್ಣು ದೂರದೂರವಿರುವ ದಂಟು. ಬೆಂಡಿಗೆ ಬೆಂಡು ಸೇರುವ ಕಡೆ ಜಾಲಿ ಮುಳ್ಳು ಬಡಿದೆ. ಕಂಬಗಳನ್ನು ಅಡ್ಡ ಸಿಬಿರಿನಿಂದ ಬಿಗಿದೆ, ಎರಡು ಅಂತಸ್ತು ಎಬ್ಬಿಸಿದೆ. ಅತ್ತ ಅವ್ವ ಗದ್ದೆಯ ಜಿಗಟು ಮಣ್ಣು ತಂದು, ನಾಟಿಯಿಂದ ಬಂದ ಕೈಯಲ್ಲೇ, ಹಲಗೆಯ ಮೇಲೆ ತನ್ನ ಗಡ್ಡಿಯನ್ನು ತಿದ್ದಿದಳು. ಹನುಮಪ್ಪನ ಗುಡಿ ಬಂತು. ತವರುಮನೆ ಬಂತು, ಅದರ ಮುಂದಿನ ಕಟ್ಟೆ ಬಂತು. ಬೇವಿನ ಕಡ್ಡಿ ನೆಟ್ಟು ಅದಕ್ಕೆ ನೂಲಿನ ಜೋಕಾಲಿಯನ್ನೂ ಕಟ್ಟಿದಳು. ವಿಮಾನ ಇಳಿಯಲು ಜಾಗವೇ ಉಳಿಯಲಿಲ್ಲ.

"ಬೇ, ಇಮಾನ ಎಲ್ಲಿ ಇಳೀಬೇಕು?"

"ಇಲ್ಲಿ ಅಂಚಿನ್ಯಾಗ ಇಳೀಲಿ. ಈ ಕಡಿ ನಮ್ಮಣ್ಣನ ಶೇಂಗಾ ಹೊಲ ಅದ, ಅದನ್ನ ಮುಟ್ಟಂಗಿಲ್ಲ."

ಅಪ್ಪ ಗಿರಣಿಯಿಂದ ಬಂದು ನೋಡಿದ. "ಮೊದಲು ನನ್ನ ಹೊಟ್ಟಿಗೆ ರೊಟ್ಟಿ ಹಾಕ್ರಿ, ಆಮ್ಯಾಲ ನದಿಗೆ ಪೂಲ್ ಹಾಕ್ರಿ" ಎಂದ. ಹಾಗೆಂದವನೇ ತಲೆಗೆ ಸುತ್ತಿದ್ದ ರುಮಾಲು ಬಿಚ್ಚಿ ಬದಿಗಿಟ್ಟು, ಮುಳ್ಳು ಬಡಿಯುವಾಗ ಕಂಬ ಹಿಡಿಯಲು ಕೂತ. ಪಂಚಮಿ ಬಂತು, ಹೋಯಿತು. ಅವ್ವ ಹುಣಸೆ ಮರದ ಜೋಕಾಲಿಯಲ್ಲಿ ಎಲ್ಲರನ್ನೂ ತೂಗಿ ಬಂದಳು. ಆ ಸಲ ಓಣಿಯ ಹೆಂಗಸರು ಚೇಷ್ಟೆ ಮಾಡಿದರು: "ಏನಬೇ, ರೈಲು ಲೇಟಾತೇನು?" ಅವಳು, "ಹಳಿ ಬಡಿಯಾಕತ್ತೀವಿ, ಮನಿಗೆ ಬಂದು ನೋಡ್ರಿ" ಎಂದಳು. ಬಂದು ನೋಡಿದವರು ಮತ್ತೆ ಚೇಷ್ಟೆ ಮಾಡಲಿಲ್ಲ. ಒಬ್ಬಾಕೆ ಮನೆಗೆ ಹೋಗಿ ತನ್ನ ಮಗನ ಆಟದ ರೈಲನ್ನೇ ತಂದುಕೊಟ್ಟಳು.

ಪ್ರದರ್ಶನದ ದಿನ ಅವ್ವ ಕೂಲಿಗೆ ಹೋಗಲಿಲ್ಲ. ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ನಮ್ಮ ಜೊತೆ ಬಸ್ಸು ಹತ್ತಿದಳು. ಮಾಸ್ತರು, ನಾನು, ಅವ್ವ, ಮೂವರ ತೊಡೆಯ ಮೇಲೂ ಹಲಗೆ. ಕಂಡಕ್ಟರ್ ಬಂದು, "ಇದಕ್ಕೂ ಟಿಕೇಟ್ ತಗೋಬೇಕ್ರಿ ಯವ್ವಾ" ಎಂದ. ಅವ್ವ ಬಿಟ್ಟಾಳೆಯೇ? "ಇದು ಪೂಲ್ ಅದನಪ್ಪಾ. ನಾಳೆ ನಿನ್ನ ಬಸ್ಸು ಇದರ ಮ್ಯಾಲೇ ಹೋಗತದ. ನೀನೇ ನಮಗ ಕೊಡಬೇಕು." ಬಸ್ಸೆಲ್ಲ ನಕ್ಕಿತು, ಕಂಡಕ್ಟರ್ ಕೂಡ ನಕ್ಕು ಮುಂದೆ ಹೋದ.

ರಾಯಚೂರಿನ ಆ ದೊಡ್ಡ ಶಾಲೆಯ ಹಜಾರದಲ್ಲಿ ಮೇಜುಗಳ ಸಾಲು. ಮಾಸ್ತರು ವಾರಗಟ್ಟಲೆ ನನಗೆ ಪುಸ್ತಕದ ಕನ್ನಡದಲ್ಲಿ ಭಾಷಣ ಬಾಯಿಪಾಠ ಮಾಡಿಸಿದ್ದರು. "ಪೂಲ್ ಅನಬ್ಯಾಡ, ಸೇತುವೆ ಅನ್ನು. ಗಡ್ಡಿ ಅನಬ್ಯಾಡ, ದ್ವೀಪ ಅನ್ನು" ಎಂದು ಕೊನೆಯ ಗಳಿಗೆಯವರೆಗೂ ಹೇಳುತ್ತಿದ್ದರು. ತೀರ್ಪುಗಾರರು ಬಂದರು. ಮುಂದಿದ್ದವರು ಬೆಂಗಳೂರಿನ ಕಡೆಯವರು, ಕನ್ನಡಕ ಹಾಕಿದ ಹಿರಿಯರು. ಬಗ್ಗಿ ನೋಡಿ, "ವಿಮಾನ ನಿಲ್ದಾಣದಲ್ಲಿ ಜೋಕಾಲಿ ಯಾಕಮ್ಮಾ? ಜಪಾನಿನಲ್ಲಿ ಬೇವಿನ ಮರ ಇರುತ್ತಾ?" ಎಂದು ಕೇಳಿದರು. ಬಾಯಿಪಾಠ ಮಾಡಿದ್ದರಲ್ಲಿ ಈ ಪ್ರಶ್ನೆ ಇರಲಿಲ್ಲ. ನನ್ನ ಬಾಯಿಗೆ ನನ್ನ ಮಾತೇ ಬಂತು.

"ಇರಂಗಿಲ್ಲರಿ ಸರ. ಇದು ನಮ್ಮವ್ವನ ಗಡ್ಡಿರಿ. ಜಪಾನದವರು ಅವರ ಗಡ್ಡಿಗೆ ಪೂಲ್ ಹಾಕ್ಕೊಳ್ಳಾಕತ್ತಾರ, ನಾವು ನಮ್ಮ ಗಡ್ಡಿಗೆ ಹಾಕೀವಿ. ಪಂಚಮಿಗೆ ಅಲ್ಲಿ ಹೋಗಾಕ ದಾರಿ ಇಲ್ಲರಿ. ಅದಕ್ಕ ಜೋಕಾಲಿ ಮೊದಲು ಕಟ್ಟೀವಿ, ಇಮಾನ ಆಮ್ಯಾಲ ಬರಲಿ."

ಮಾಸ್ತರು ಕಣ್ಣು ಮುಚ್ಚಿಕೊಂಡರು. ತೀರ್ಪುಗಾರರು ನಕ್ಕರು, ಆದರೆ ಅದು ಕುಹಕದ ನಗುವಲ್ಲ. ಹಿರಿಯರು ಬಾಗಿಲಿಗೆ ಆನಿಸಿಟ್ಟಿದ್ದ ಒಂದು ಇಟ್ಟಂಗಿ ತರಿಸಿ ಪೂಲಿನ ನಡುಮಧ್ಯೆ ಇಟ್ಟರು. ದಂಟು ಕಿರ್ ಎಂದಿತು, ಆದರೂ ಪೂಲ್ ನಿಂತಿತು. ಅಷ್ಟರಲ್ಲಿ ಹಿಂದಿನಿಂದ ಅವ್ವನ ದನಿ: "ಇನ್ನೊಂದು ಇಡ್ರಿ ಸಾಹೇಬ್ರ. ನನ್ನ ಮಗಳು ಕಟ್ಟ್ಯಾಳ." ಅವರು ಇನ್ನೊಂದನ್ನು ಇಟ್ಟರು. ಅದೂ ನಿಂತಿತು.

ಮೊದಲ ಬಹುಮಾನ ರಾಯಚೂರಿನ ಹುಡುಗರ ವಿದ್ಯುತ್ ಸ್ಥಾವರಕ್ಕೆ ಹೋಯಿತು. ಅದರ ಚಿಮಣಿಯಿಂದ ನಿಜವಾದ ಹೊಗೆ ಬರುತ್ತಿತ್ತು. ಒಳಗೆ ಊದುಬತ್ತಿ ಹಚ್ಚಿಟ್ಟಿದ್ದರು, ನಾನು ಬಗ್ಗಿ ನೋಡಿದ್ದೇನೆ. ನಮಗೆ ಸಮಾಧಾನದ ಬಹುಮಾನವೆಂದು ಒಂದು ಸ್ಟೀಲ್ ತಟ್ಟೆ ಸಿಕ್ಕಿತು. ನನಗೆ ಸಮಾಧಾನವೇನೂ ಆಗಲಿಲ್ಲ. ಅವ್ವ ಮಾತ್ರ ತಟ್ಟೆಯ ಕಡೆ ತಿರುಗಿಯೂ ನೋಡಲಿಲ್ಲ. ಮಾಸ್ತರ ಮುಂದೆ ನಿಂತು, "ಸರ, ಈ ಪೂಲ್ ನಮಗ ಕೊಡ್ರಿ" ಎಂದಳು. "ಸಾಲಿಯಾಗ ಇಟ್ರ ಇಲಿ ತಿಂತಾವ. ಒಯ್ಯಿರಿ ಯವ್ವಾ" ಎಂದರು ಅವರು.

ದೀಪಾವಳಿ ಕಳೆದ ಮೇಲೆ ನದಿ ಇಳಿಯಿತೆಂದು ಸುದ್ದಿ ಬಂತು. ಅವ್ವ ನನ್ನನ್ನು ಕರೆದುಕೊಂಡು ದೇವದುರ್ಗದ ಬಸ್ಸು ಹತ್ತಿದಳು. ಬಸ್ಸಿಳಿದು ನದಿಯವರೆಗಿನ ದಾರಿಯಲ್ಲಿ ತಲೆಗೆ ಸಿಂಬಿ ಇಟ್ಟು, ಅದರ ಮೇಲೆ ಹಲಗೆ ಹೊತ್ತು ಕತ್ತು ಅಲುಗಿಸದೆ ನಡೆದಳು. ದಾರಿಯಲ್ಲಿ ಕಂಡವರೆಲ್ಲ ಅದೇನೆಂದು ಕೇಳಿದರು, ಅವಳು ಎಲ್ಲರಿಗೂ ನಿಂತು ಹೇಳಿದಳು. ನನ್ನ ಹೆಸರು ಹಿಡಿದೇ ಹೇಳಿದಳು. ನಾನು ನಾಚಿದಂತೆ ಮಾಡಿದೆ, ಒಳಗೊಳಗೇ ಉಬ್ಬಿದ್ದೆ.

ಹರಿಗೋಲಿನ ಮುದುಕ ಅವ್ವನನ್ನು ಸಣ್ಣವಳಿದ್ದಾಗಿನಿಂದ ಬಲ್ಲವನು. ಹಲಗೆ ನೋಡಿ, "ಏನ್ ತಂಗಿ, ನಮ್ಮ ಹೊಟ್ಟಿ ಮ್ಯಾಲ ಹೊಡಿಯಾಕ ಪೂಲ್ ತಂದಿಯೇನು?" ಎಂದ. "ನಿನ್ನ ಹರಿಗೋಲು ಇರದಿದ್ರ ಈ ಪೂಲ್ ನದಿ ದಾಟೂದು ಹೆಂಗಣ್ಣಾ?" ಎಂದಳು ಅವ್ವ. ಮುದುಕ ಹುಟ್ಟು ಹಾಕುವುದನ್ನೇ ಮರೆತು ನಕ್ಕ, ಹರಿಗೋಲು ಒಂದು ಸುತ್ತು ತಿರುಗಿತು. ಅವ್ವ ಹಲಗೆಯನ್ನು ಎರಡೂ ತೋಳಿನಿಂದ ಅಪ್ಪಿ ಹಿಡಿದಿದ್ದಳು.

ಆ ಕಡೆ ಮನೆಯ ತುಂಬ ಜನ: ಮಾವಂದಿರು, ಅತ್ತೆಯರು, ಮಕ್ಕಳು. ಎಲ್ಲರ ನಡುವೆ ಕಟ್ಟೆಯ ಮೇಲೆ ಅವ್ವನ ಅವ್ವ, ನಮ್ಮ ಆಯಿ, ಶೇಂಗಾ ಒಡೆಯುತ್ತ ಕೂತಿದ್ದಳು. ಅವ್ವ ಹಲಗೆಯನ್ನು ಅವಳ ಮುಂದೆ ಇಳಿಸಿದಳು. ಆಯಿ ಬಗ್ಗಿ ನೋಡಿದಳು. ಗುಡಿ ಗುರುತು ಹಿಡಿದಳು, ಕಟ್ಟೆ ಗುರುತು ಹಿಡಿದಳು. "ಇದು ನಾ ಕುಂತ ಕಟ್ಟಿ ಅಲಾ?" ಎಂದಳು. ಬೆರಳನ್ನು ದಡದಿಂದ ಪೂಲಿನ ಮೇಲೆ ಮೆಲ್ಲಗೆ ಎಳೆಯುತ್ತ ಬಂದು ಬೇವಿನ ಕಡ್ಡಿಯ ಹತ್ತಿರ ನಿಲ್ಲಿಸಿದಳು. ನೂಲಿನ ಜೋಕಾಲಿ ಅಲ್ಲಾಡಿತು.

"ಇದು ಬಂತಂದ್ರ ನೀನು ಪಂಚಮಿಗೆ ಬರತಿ?"

"ಬರತೀನಿ ಬೇ."

"ಮತ್ತ ಬಂತಲ್ಲ." ಆಯಿ ಶೇಂಗಾ ಸಿಪ್ಪೆ ಕೊಡವಿ ಎದ್ದಳು. "ಹಗ್ಗ ತಗೀರಿ. ಒಬ್ಬಾಕಿ ಬೆಲ್ಲ ಕುಟ್ರಿ. ಇವತ್ತು ಪಂಚಮಿ."

ದೊಡ್ಡ ಮಾವ, "ಯವ್ವಾ, ದೀಪಾವಳಿನೂ ಮುಗದದ. ಈಗ ಯಾವ ಪಂಚಮಿ?" ಎಂದು ನಕ್ಕ.

"ನಿನ್ನ ಕ್ಯಾಲೆಂಡರ್ ನಿನ್ನ ಗ್ವಾಡಿಗೆ ತೂಗಹಾಕ್ಕೋ ಲೇ. ನನ್ನ ಮಗಳು ಪೂಲ್ ಹಾಕ್ಕೊಂಡು ಬಂದಾಳ. ಹಗ್ಗ ತಾ ಅಂದ್ರ ತಾ!"

ಮಾವ ಹಗ್ಗ ತಂದ. ಬೇವಿನ ಕೊಂಬೆಗೆ ಎಸೆದು ಬಿಗಿದ. ಅತ್ತೆಯೊಬ್ಬಳು ಮಣೆ ತಂದು ಕಟ್ಟಿದಳು. ಎಲ್ಲರೂ ಅವ್ವನ ಕಡೆ ನೋಡಿದರು, ನಾನೂ ನೋಡಿದೆ. ಅವಳ ಹಟ ನನಗೆ ಗೊತ್ತಿತ್ತು: ಗಡ್ಡಿಯ ಬೇವಿನ ಮರವಾಗಿರಬೇಕು, ಪಂಚಮಿಯ ದಿನವಾಗಿರಬೇಕು. ಅವ್ವ ಆಯಿಯ ಮುಖ ನೋಡಿದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು, ಹೋಗಿ ಕೂತಳು. ಡಬ್ಬಿ ಒರೆಸುವಾಗ ಅಳದವಳು ಆಗ ಅತ್ತಳು. ಅಳುತ್ತಲೇ ನನ್ನ ಕಡೆ ತಿರುಗಿ, "ನೋಡಿಕೋತ ನಿಂತಿ ಏನಬೇ? ತೂಗು! ಆ ದಂಡಿತನ ಕಾಣಂಗ ತೂಗು!" ಎಂದು ಗದರಿದಳು.

ನಾನು ತೂಗಿದೆ.